ಸೀಸದಿಂದ ಕಿಡ್ನಿ ಪೆಟ್ಟು: ಕ್ವೆರ್ಸೆಟಿನ್ ತಗೊಂಡೋರು ಅನುಭವ ಹೇಳಿ

ಬಯಲುಸೀಮೆ: ಅಣ್ಣ ಹಳೇ ಬ್ಯಾಟರಿ ಒಡೆಯೋ ಶೆಡ್ಡಲ್ಲಿ ವರ್ಷಗಟ್ಟಲೆಯಿಂದ ಇದಾನೆ. ರಕ್ತದಲ್ಲಿ ಸೀಸ 46, ಕ್ರಿಯಾಟಿನಿನ್ (ಕಿಡ್ನಿ ಕೆಲ್ಸ ಕುಗ್ಗಿದ್ರೆ ರಕ್ತದಲ್ಲಿ ಏರೋದು) 1.8. ಈರುಳ್ಳೀಲಿರೋ ಕ್ವೆರ್ಸೆಟಿನ್ ಥರದ ಫ್ಲೇವನಾಯ್ಡ್ (ಗಿಡಗಳಲ್ಲಿರೋ ಒಂದು ಬಗೆ ಸಂಯುಕ್ತ) ಕಿಡ್ನಿ ಕಾಯುತ್ತೆ ಅಂತಾರೆ. ಕ್ಯಾಪ್ಸೂಲ್ ತಗೊಂಡೋರು ಇದೀರಾ?

ಗ್ಯಾರೇಜ್ ಗುರು: ತಗೊಂಡಿದೀನಿ, ಈಗ್ಲೂ ತಗೋತಿದೀನಿ, ನಗೋರು ನಗಲಿ. ರೇಡಿಯೇಟರ್ ಬೆಸುಗೆ ಕೆಲ್ಸ ನಂದು, ಸೀಸ 52 ಇತ್ತು. 60 ಕ್ಯಾಪ್ಸೂಲ್ ಡಬ್ಬಿಗೆ 1,480, ಕೊರಿಯರ್ 90 ಬೇರೆ. ಟೆಸ್ಟಿಂದು ಇನ್ನೊಂದು ರಾಮಾಯಣ, ಸೀಸದ ಟೆಸ್ಟಿಗೆ ಬೇಕಾದ ಗಾಢ ನೀಲಿ ಮುಚ್ಚಳದ ಟ್ಯೂಬ್ ಖಾಲಿ ಅಂತ ಲ್ಯಾಬ್ ಹುಡುಗ ಮಾಮೂಲಿ ಟ್ಯೂಬಲ್ಲೇ ರಕ್ತ ಎಳ್ದ, ಸ್ಯಾಂಪಲ್ ರಿಜೆಕ್ಟ್ ಆಯ್ತು, ಮತ್ತೆ 1,900 ಕಟ್ಟಿ ಅಂದ್ರು, ಕೌಂಟರಲ್ಲಿ ಕಿತ್ತಾಡಿ ಅರ್ಧಕ್ಕೆ ಇಳಿಸ್ದೆ. ಈಗ ಸೀಸ 29. ಇನ್ನೇನ್ ಪ್ರೂಫ್ ಬೇಕು?

ಇಲಿಮನೆ: ಬೆಸುಗೆ ಇನ್ನೂ ಮಾಡ್ತಿದೀರಾ?

ಗ್ಯಾರೇಜ್ ಗುರು: ಇಲ್ಲ, ಈಗ ಬರೀ ಬಿಲ್ಲಿಂಗ್. ಅದಕ್ಕೂ ಇದಕ್ಕೂ ಏನ್ ಸಂಬಂಧ?

ಇಲಿಮನೆ: ಅದೇ ಸಂಬಂಧ ಸ್ವಾಮಿ. ಹೊಸ ಸೀಸ ಒಳಗೆ ಹೋಗೋದು ನಿಂತ್ರೆ ರಕ್ತದಲ್ಲಿರೋದು ತಾನಾಗೇ ಇಳಿಯೋಕೆ ಶುರುವಾಗುತ್ತೆ, ಮೂಳೇಲಿ ಕೂತಿದ್ದು ಮಾತ್ರ ವರ್ಷಗಟ್ಟಲೆ ರಕ್ತಕ್ಕೆ ಜಿನುಗ್ತಿರುತ್ತೆ. ಕ್ಯಾಪ್ಸೂಲಿಗೆ ಪುಕ್ಸಟ್ಟೆ ಕ್ರೆಡಿಟ್ಟು. ನಾನು ಇಲಿಗಳಿಗೆ ಕ್ಯಾಡ್ಮಿಯಂ (ಸೀಸದ ಥರಾನೇ ಕಿಡ್ನಿ ಕೆಡಿಸೋ ಲೋಹ) ಕೊಟ್ಟು ಥೀಸಿಸ್ ಬರೆದವಳು. ಕ್ವೆರ್ಸೆಟಿನ್ ಗುಂಪಿನ ಕಿಡ್ನಿ ಸ್ಲೈಡು ನಿಜಕ್ಕೂ ಚೆನ್ನಾಗಿತ್ತು, ಟ್ಯೂಬ್ಯೂಲ್ (ಕಿಡ್ನಿಯೊಳಗಿನ ಸಣ್ಣ ನಾಳ) ಗೋಡೆ ಕಿತ್ತು ಬಂದಿರ್ಲಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಲೋಹ, ಔಷಧಿ ಎರಡೂ ಒಂದೇ ದಿನ ಶುರು ಮಾಡ್ತಿದ್ವಿ, ಕ್ವೆರ್ಸೆಟಿನ್ ಕೆಜಿ ತೂಕಕ್ಕೆ 50 ಮಿಲಿಗ್ರಾಂ. ಪೆಟ್ಟು ಬಿದ್ದು ವರ್ಷಗಳಾದ್ಮೇಲೆ ಕೊಟ್ರೆ? ಗೈಡ್‌ಗೆ ಕೇಳಿ ಬೈಸ್ಕೊಂಡೆ. ಇನ್ನೊಂದು, 1996ರಲ್ಲಿ ಬ್ರಿಟನ್ನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಇದನ್ನೇ ನರಕ್ಕೆ ಕೊಟ್ಟಾಗ ಡೋಸ್ ಏರಿದ ಹಾಗೆ ಕಿಡ್ನಿಗೇ ಏಟು ಬಿತ್ತು.

ಗ್ಯಾರೇಜ್ ಗುರು: ಮೇಡಂ ನಾನು ನುಂಗ್ತಿರೋದು, ನರಕ್ಕೆ ಚುಚ್ಕೊಂಡಿಲ್ಲ. ಇಲೀನೂ ಅಲ್ಲ.

ಹಿನ್ನೀರು: ನೀವು ಡಬ್ಬಿ ಲೆಕ್ಕ ಹಾಕ್ತಾ ಇರಿ. ಅಮ್ಮಂಗೆ ಮಂಡಿನೋವಿಗೆ ಅಂತ ಒಬ್ರು ಪಂಡಿತ್ರು ಲೇಬಲ್ಲೇ ಇಲ್ಲದ ಪುಡಿ ಪೊಟ್ಟಣ ಕೊಟ್ರು. ಕಾಲು ಊತ, ಮೂತ್ರ ಸೋಪಿನ ನೊರೆ ಥರ. ಬಯಾಪ್ಸಿ 24,000, ಅಡ್ಮಿಷನ್ 6,500, ನೆಲ್-1 ಸ್ಟೇನ್ (ಕಾಯಿಲೆ ಯಾವ ಬಗೆ ಅಂತ ಗುರುತಿಸೋ ಬಣ್ಣದ ಟೆಸ್ಟು) ಬೇರೆ ಊರಿಗೆ ಕಳಿಸಿದ್ದಕ್ಕೆ 4,800. ಮೆಂಬ್ರೇನಸ್ ನೆಫ್ರಾಪತಿ (ಕಿಡ್ನಿಯ ಸೋಸೋ ಪೊರೆ ಕೆಟ್ಟು ಮೂತ್ರದಲ್ಲಿ ಪ್ರೋಟೀನ್ ಸೋರೋ ಕಾಯಿಲೆ), ಪುಡೀಲಿ ಪಾದರಸ. ಪೊಟ್ಟಣ ನಿಲ್ಲಿಸಿದ್ಮೇಲೆ ಪ್ರೋಟೀನ್ ಇಳೀತು, ಯಾವ ಫ್ಲೇವನಾಯ್ಡೂ ಇಲ್ದೆ.

ಕಷಾಯಪ್ರಿಯ: ಬಂತಪ್ಪ ಆಯುರ್ವೇದಕ್ಕೆ ಬೈಯೋ ಬ್ಯಾಚು. ಶೋಧನೆ (ಶುದ್ಧಿ) ಮಾಡಿದ ಲೋಹದ ಭಸ್ಮಕ್ಕೂ ಬೀದಿ ಪುಡಿಗೂ ವ್ಯತ್ಯಾಸ ಗೊತ್ತಿಲ್ದೆ ಮಾತಾಡ್ಬೇಡಿ. ನಮ್ಮಪ್ಪಂಗೆ ದಿನಾ ನುಗ್ಗೆಸೊಪ್ಪು, ಪುನರ್ನವ ಕಷಾಯ. ಕ್ರಿಯಾಟಿನಿನ್ ಅಲ್ಲಾಡಿಲ್ಲ.

ಹಿನ್ನೀರು: ಅಮ್ಮನ ಬಿಲ್ಲು ನೀವು ಕಟ್ತೀರಾ? ಸುಮ್ನಿರಿ.

ಉಪ್ಪಿಲ್ಲದ ಊಟ: ನುಗ್ಗೆಸೊಪ್ಪು ಅನ್ಬೇಡಿ. ಕ್ರಿಯಾಟಿನಿನ್ ಏರಿದ್ ಮೇಲೂ ತಿಂತಾ ಇದ್ದ ನಮ್ ಮಾವಂಗೆ ಪೊಟ್ಯಾಸಿಯಂ 6.4, ರಾತ್ರೋರಾತ್ರಿ ಎಮರ್ಜೆನ್ಸಿ, ಬಿಲ್ 18,700, ಆಂಬುಲೆನ್ಸ್ 1,600 ಸೇರಿಲ್ಲ.

ಬಯಲುಸೀಮೆ: ಅಣ್ಣ ಇನ್ನೂ ಶೆಡ್ಡಿಗೆ ಹೋಗ್ತಿದಾನೆ, ಓಟಿ ಸಿಗುತ್ತೆ ಅಂತ...

ಇಲಿಮನೆ: ಹಂಗಾದ್ರೆ ಕ್ಯಾಪ್ಸೂಲ್ ಮಾತೇ ಬೇಡ. ಮೊದ್ಲು ಶೆಡ್ ಬಿಡಿಸಿ, ಆ ಬಟ್ಟೆ ಮನೇಲಿ ಮಕ್ಕಳ ಬಟ್ಟೆ ಜೊತೆ ಒಗೀಬೇಡಿ. ಕೀಲೇಷನ್ (ಮೈಯಲ್ಲಿರೋ ಸೀಸ ಹಿಡ್ದು ಹೊರಹಾಕೋ ಔಷಧಿ) ಬೇಕೋ ಬೇಡ್ವೋ ನೆಫ್ರಾಲಜಿಸ್ಟ್ ಹೇಳ್ಲಿ.

ಕಷಾಯಪ್ರಿಯ: @ಉಪ್ಪಿಲ್ಲದ ಊಟ, ಸೊಪ್ಪು ಬೇಯಿಸಿ ನೀರು ಬಸಿದ್ರೆ ಪೊಟ್ಯಾಸಿಯಂ ಇಳಿಯುತ್ತೆ. ಅಷ್ಟೂ ಗೊತ್ತಿಲ್ವಾ?

ಉಪ್ಪಿಲ್ಲದ ಊಟ: ಬಸಿದ್ರೆ ನಿಮ್ ಫ್ಲೇವನಾಯ್ಡೂ ಅರ್ಧ ಸಿಂಕಿಗೇ ಹೋಗುತ್ತಲ್ಲ ಸಾರ್.

ಕಷಾಯಪ್ರಿಯ: ಯಾರ್ರೀ ಹೇಳಿದ್ದು? ಡಯಟೀಷಿಯನ್ ಕೇಳಿ ಮಾತಾಡಿ.

ಉಪ್ಪಿಲ್ಲದ ಊಟ: ಅವರೇ ಹೇಳಿದ್ದು. 800 ತಗೊಂಡು.