3 ಮೀಟರ್ ಡ್ರಾಪ್ ಟವರ್: ಬೀಳುವ ಪೆಟ್ಟಿಗೆಯೊಳಗೆ ಆಕ್ಸೆಲೆರೋಮೀಟರ್ ಸೊನ್ನೆ ತೋರಿಸುತ್ತಿಲ್ಲ

ಪ್ರಶ್ನೆ:
ವಿದ್ಯಾರ್ಥಿಗಳ ಪ್ರಯೋಗಗಳಿಗಾಗಿ ನಮ್ಮ ವಿಭಾಗದಲ್ಲಿ ಕಡಿಮೆ ವೆಚ್ಚದ ಡ್ರಾಪ್ ಟವರ್ (ವಸ್ತುಗಳನ್ನು ಬೀಳಬಿಟ್ಟು ಕ್ಷಣಕಾಲ ತೂಕರಹಿತ ಸ್ಥಿತಿ ಉಂಟುಮಾಡುವ ಗೋಪುರ) ಒಂದನ್ನು ಕಟ್ಟಿದ್ದೇವೆ. ಉದ್ದ, ಅಗಲ, ಎತ್ತರ ಮೂರೂ 30 ಸೆಂ.ಮೀ. ಇರುವ, 5 ಕೆ.ಜಿ. ತೂಕದ ಪ್ಲೈವುಡ್ ಪೆಟ್ಟಿಗೆಯನ್ನು ವಿದ್ಯುತ್ಕಾಂತಕ್ಕೆ ತೂಗುಹಾಕಿ 3 ಮೀಟರ್ ಬೀಳಿಸುತ್ತೇವೆ. ಮುಕ್ತವಾಗಿ ಬೀಳುವಾಗ ಒಳಗಿನ ಆಕ್ಸೆಲೆರೋಮೀಟರ್ (ವೇಗೋತ್ಕರ್ಷ ಅಳೆಯುವ ಸೆನ್ಸರ್) ಸೊನ್ನೆ ತೋರಿಸಬೇಕು. ಆದರೆ ಅದರ ನಕ್ಷೆ ಬಿಡುಗಡೆಯಾದ ಕೂಡಲೇ ಜೋರಾಗಿ ಕಂಪಿಸಿ, ನಂತರ ಸುಮಾರು 0.02 ಜಿಯಿಂದ (1 ಜಿ ಎಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ) ಏರುತ್ತಾ ಕೊನೆಯಲ್ಲಿ 0.08 ಜಿ ಮುಟ್ಟುತ್ತದೆ. ಮೇಣದಬತ್ತಿಯ ಜ್ವಾಲೆಯೂ ನಿರೀಕ್ಷಿಸಿದಷ್ಟು ಗುಂಡಗಾಗುತ್ತಿಲ್ಲ. ಗಾಳಿ ಹೊರತೆಗೆಯುವ ನಿರ್ವಾತ ಪಂಪು ನಮ್ಮ ಕೈಗೆಟುಕುವಂಥದ್ದಲ್ಲ. ದೋಷ ಎಲ್ಲಿರಬಹುದು?

ಉತ್ತರ 1:
ನಿಮ್ಮ ನಕ್ಷೆಯಲ್ಲಿ ಮೂರು ಬೇರೆ ಬೇರೆ ದೋಷಗಳು ಬೆರೆತಿವೆ. ಬದಲಾಗದೆ ಉಳಿಯುವ 0.02 ಜಿ ಬಹುಶಃ ಸೆನ್ಸರಿನದೇ; ಅಗ್ಗದ ಚಿಪ್‌ಗಳಲ್ಲಿ ಇಷ್ಟು ವ್ಯತ್ಯಾಸ ಸಾಮಾನ್ಯ. ಸೆನ್ಸರನ್ನು ನೆಟ್ಟಗೆ ಒಮ್ಮೆ, ತಲೆಕೆಳಗಾಗಿ ಒಮ್ಮೆ ಇಟ್ಟು, ಎರಡೂ ಓದುಗಳ ಸರಾಸರಿಯನ್ನು ಕಳೆದರೆ ಅದು ಹೋಗುತ್ತದೆ.

ಏರುತ್ತಾ ಹೋಗುವ ಭಾಗ ಗಾಳಿಯ ತಡೆ. 0.78 ಸೆಕೆಂಡಿನ ಪತನದ ಕೊನೆಗೆ ವೇಗ ಸೆಕೆಂಡಿಗೆ 7.7 ಮೀಟರ್ ಆಗಿರುತ್ತದೆ. ಆ ವೇಗದಲ್ಲಿ ನಿಮ್ಮ ಪೆಟ್ಟಿಗೆಯ ಚಪ್ಪಟೆ ತಳದ ಮೇಲೆ ಗಾಳಿ ಸುಮಾರು 3 ನ್ಯೂಟನ್ ಬಲ ಹಾಕುತ್ತದೆ, ಅಂದರೆ 5 ಕೆ.ಜಿ.ಗೆ 0.06 ಜಿಗಿಂತ ತುಸು ಹೆಚ್ಚು. ಲೆಕ್ಕ ನಿಮ್ಮ ನಕ್ಷೆಗೆ ಸರಿಯಾಗಿಯೇ ಹೊಂದುತ್ತದೆ.

ಪಂಪಿನ ಚಿಂತೆ ಬಿಡಿ. ಜರ್ಮನಿಯ ಬ್ರೆಮೆನ್‌ನ ಗೋಪುರ 110 ಮೀಟರ್ ಕೊಳವೆಯ ಗಾಳಿಯನ್ನೇ ಹೊರತೆಗೆದು 4.74 ಸೆಕೆಂಡಿನ ತೂಕರಹಿತ ಸ್ಥಿತಿ ಪಡೆಯುತ್ತದೆ, ನಿಜ. ಆದರೆ ನಾಸಾದ ಗ್ಲೆನ್ ಕೇಂದ್ರದ 2.2 ಸೆಕೆಂಡಿನ ಗೋಪುರ ಮತ್ತು ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ 2.1 ಸೆಕೆಂಡಿನ ಡ್ರೈಡನ್ ಗೋಪುರ ಗಾಳಿಯಲ್ಲೇ ಕೆಲಸ ಮಾಡುತ್ತವೆ. ಅಲ್ಲಿ ಪ್ರಯೋಗದ ಪೆಟ್ಟಿಗೆ ಒಂದು ಹೊರಕವಚದೊಳಗೆ, ಅದಕ್ಕೆ ಅಂಟಿಕೊಳ್ಳದೆ ಬೀಳುತ್ತದೆ. ಗಾಳಿಯ ಹೊಡೆತ ಕವಚಕ್ಕೆ ಮಾತ್ರ. ಕವಚವನ್ನು ರಟ್ಟಿನಿಂದ ಹಗುರವಾಗಿ ಮಾಡುವ ಆಸೆ ಸಹಜ, ಆದರೆ ಇಲ್ಲಿ ಬೇಕಾದದ್ದು ತೂಕವೇ: ಭಾರವಿದ್ದಷ್ಟೂ ಗಾಳಿ ಕವಚವನ್ನು ನಿಧಾನಿಸುವುದು ಕಡಿಮೆ.

ಉತ್ತರ 2:
ಆರಂಭದ ಕಂಪನಕ್ಕೆ ತೂಗುವ ಬಗೆಯೇ ಕಾರಣ. ಪೆಟ್ಟಿಗೆಯ ಭಾರಕ್ಕೆ ಬಾಗಿದ ಮೇಲ್ಹಲಗೆ ಬಿಡುಗಡೆಯಾದೊಡನೆ ಚಿಮ್ಮುತ್ತದೆ. ಅದಕ್ಕೆ ಅಡ್ಡಪಟ್ಟಿ ಕೊಟ್ಟು ಬಿಗಿಗೊಳಿಸಿ, ಸೆನ್ಸರನ್ನು ಗುರುತ್ವಕೇಂದ್ರದ ಹತ್ತಿರ ಕೂರಿಸಿ. ವಿದ್ಯುತ್ಕಾಂತದ ಸುರುಳಿಗೆ ಅಡ್ಡಲಾಗಿ ಬರಿಯ ಡಯೋಡ್ ಇದ್ದರೆ, ಕಾಂತವನ್ನು ಆರಿಸಿದಾಗ ವಿದ್ಯುತ್ತು ನಿಧಾನವಾಗಿ ಇಳಿಯುತ್ತದೆ. ಅದರೊಂದಿಗೆ ಸರಣಿಯಲ್ಲಿ ಝೀನರ್ ಡಯೋಡ್ ಸೇರಿಸಿದರೆ ಬಿಡುಗಡೆ ಚುರುಕಾಗುತ್ತದೆ. ಕಾಂತ ಮತ್ತು ಕಬ್ಬಿಣದ ನಡುವೆ ಒಂದು ತೆಳು ಕಾಗದವಿರಲಿ; ಉಳಿಕೆ ಕಾಂತತ್ವ ಹಿಡಿದುಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕವಚದ ತಳದಲ್ಲಿ ಎಷ್ಟು ಜಾಗ ಬಿಡಬೇಕು? ಕವಚಕ್ಕೂ ಒಳಪೆಟ್ಟಿಗೆಗೂ ಎರಡು ಕಾಂತಗಳನ್ನು ಇಡಬೇಕೆಂದಿದ್ದೇವೆ.

ಉತ್ತರ 1:
ಕವಚ ನಿಮ್ಮ ಈಗಿನ ಪೆಟ್ಟಿಗೆಯಷ್ಟೇ ತಡೆಗೊಳಗಾದರೂ ಒಳಪೆಟ್ಟಿಗೆ ಅದಕ್ಕಿಂತ ಸುಮಾರು 3 ಸೆಂ.ಮೀ. ಮಾತ್ರ ಮುಂದೆ ಹೋಗುತ್ತದೆ, ಆದ್ದರಿಂದ 6 ಸೆಂ.ಮೀ. ಸಾಕು. ಎರಡು ಕಾಂತಗಳು ಬೇಡ: ಅವು 10 ಮಿಲಿಸೆಕೆಂಡ್ ಹಿಂದುಮುಂದಾದರೂ ನೆಲ ಮುಟ್ಟುವಷ್ಟರಲ್ಲಿ ಸುಮಾರು 8 ಸೆಂ.ಮೀ. ಅಂತರ ಬಿದ್ದಿರುತ್ತದೆ. ಕವಚದ ಚಾವಣಿಯ ರಂಧ್ರದ ಮೂಲಕ ಒಳಪೆಟ್ಟಿಗೆಯನ್ನು ಒಂದೇ ಕಾಂತಕ್ಕೆ ತೂಗುಹಾಕಿ, ಕವಚದ ಚಾವಣಿ ಒಳಪೆಟ್ಟಿಗೆಯ ತಲೆಯ ಮೇಲೆ ಕುಳಿತಿರುವಂತೆ ಮಾಡಿ. ಬಿಡುಗಡೆಯಾದ ಮೇಲೆ ಗಾಳಿಯೇ ಕವಚವನ್ನು ತಡೆದು ಹಿಂದುಳಿಸಿ ಎರಡನ್ನೂ ಬೇರ್ಪಡಿಸುತ್ತದೆ.