‘ನಿರೀಕ್ಷಣೆ’ಯೋ ‘ವೀಕ್ಷಣೆ’ಯೋ? ಧ್ರುವಪ್ರದೇಶದ ದತ್ತಾಂಶ ಕುರಿತು ಒಂದು ಪದಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ, ಧ್ರುವಪ್ರದೇಶಗಳಲ್ಲಿ ಪರಿಸರದ ದತ್ತಾಂಶವನ್ನು ಹೇಗೆ ಕಲೆಹಾಕುತ್ತಾರೆ, ಯಾರು ಯಾರಿಗೆ ಕೊಡುತ್ತಾರೆ ಎಂಬ ಬಗ್ಗೆ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ‘ಅಬ್ಸರ್ವೇಶನ್’ ಎಂಬುದಕ್ಕೆ ಏನು ಹಾಕುವುದು ಎಂಬಲ್ಲಿ ಬರವಣಿಗೆ ನಿಂತಿದೆ.

ಇಲ್ಲಿನ ಮಕ್ಕಳ ಕಿವಿಗೆ ಮೊದಲು ಬೀಳುವುದು ‘ನಿರೀಕ್ಷಣ’. ಮಲಯಾಳದಲ್ಲಿ ಹವಾಮಾನ ಕೇಂದ್ರವೆಂದರೆ ‘ಕಾಲಾವಸ್ಥಾ ನಿರೀಕ್ಷಣ ಕೇಂದ್ರಂ’; ಮಳೆಗಾಲದಲ್ಲಿ ದಿನವೂ ಕೇಳುವ ಮಾತು. ಸಂಸ್ಕೃತದಲ್ಲೂ ಅದರ ಅರ್ಥ ನೋಡುವುದೇ. ಕನ್ನಡದಲ್ಲಿ ಮಾತ್ರ ನಿರೀಕ್ಷೆ ಎಂದರೆ ಇನ್ನೂ ಬಾರದ್ದಕ್ಕೆ ಕಾಯುವುದು. ಬಂಧನಕ್ಕೆ ಮೊದಲೇ ಕೇಳುವ ‘ನಿರೀಕ್ಷಣಾ ಜಾಮೀನು’ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ‘ನಿರೀಕ್ಷಣಾ ದತ್ತಾಂಶ’ ಎಂದು ಬರೆದರೆ ಮಂಗಳೂರಿನ ಓದುಗರು ಅದನ್ನು ಮುನ್ಸೂಚನೆ ಎಂದುಕೊಂಡಾರು. ಹವಾಮಾನಶಾಸ್ತ್ರದಲ್ಲಿ ಇವೆರಡೂ ಎದುರುಬದುರು: ಒಂದು ಅಳೆದದ್ದು, ಇನ್ನೊಂದು ಲೆಕ್ಕಹಾಕಿ ಊಹಿಸಿದ್ದು.

ಅಂಟಾರ್ಕ್ಟಿಕದ ಓಝೋನ್ ಪ್ರಕರಣವನ್ನೇ ನೋಡಿ. ಹ್ಯಾಲಿ ನೆಲೆಯಲ್ಲಿ ಬ್ರಿಟಿಷರು 1950ರ ದಶಕದಿಂದ ಅಳೆದಿಟ್ಟಿದ್ದ ಅಂಕಿಗಳ ಆಧಾರದ ಮೇಲೆ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು 1985ರಲ್ಲಿ ಓಝೋನ್ ಕುಸಿತವನ್ನು ಪ್ರಕಟಿಸಿದರು. ಅಮೆರಿಕದ ಉಪಗ್ರಹವೂ ಆ ಕುಸಿತವನ್ನು ದಾಖಲಿಸಿತ್ತು. ಆದರೆ ಓಝೋನ್ ಅಷ್ಟೊಂದು ಇಳಿಯಲಾರದೆಂದು, 180 ಡಾಬ್ಸನ್ ಮಾನಕ್ಕಿಂತ (ಓಝೋನ್ ಪ್ರಮಾಣವನ್ನು ಹೇಳುವ ಏಕಮಾನ) ಕೆಳಗಿನ ಅಂಕಿಗಳಿಗೆ ಗಣಕಯಂತ್ರ ಸಂಶಯದ ಗುರುತು ಹಾಕುವಂತೆ ಮೊದಲೇ ಏರ್ಪಾಡಾಗಿತ್ತು. ನಿರೀಕ್ಷೆಯು ವೀಕ್ಷಣೆಯನ್ನು ಮರೆಮಾಡಿತು ಎಂದು ಕನ್ನಡದಲ್ಲಿ ಚುಟುಕಾಗಿ ಹೇಳಬಹುದು; ಮಲಯಾಳದ ಪದವನ್ನು ಹಾಗೆಯೇ ಎತ್ತಿಕೊಂಡರೆ ಈ ವಾಕ್ಯ ಹುಟ್ಟುವುದೇ ಇಲ್ಲ.

ಹಾಗೆಂದು ‘ವೀಕ್ಷಣೆ’ಯ ಮೇಲೂ ನನಗೆ ಪೂರ್ತಿ ಒಲವಿಲ್ಲ. ವೀಕ್ಷಕರೆಂದರೆ ಈಗ ಟಿವಿಯ ಮುಂದೆ ಕುಳಿತವರು. ‘ಅವಲೋಕನ’ವೋ ಪುಸ್ತಕ ವಿಮರ್ಶೆಯ ಕಡೆಗೆ ಎಳೆಯುತ್ತದೆ. ಅದೂ ಅಲ್ಲದೆ, ಉತ್ತರ ಧ್ರುವಪ್ರದೇಶದ ಸ್ವಾಲ್ಬಾರ್ಡ್ ದ್ವೀಪಗಳ ಕಾಂಗ್ಸ್‌ಫ್ಯೋರ್ಡೆನ್ ಎಂಬ ಕಡಲ ಚಾಚಿನಲ್ಲಿ ಭಾರತ 2014ರಲ್ಲಿ ಇಳಿಸಿದ ‘ಇಂಡಾರ್ಕ್’ ಎಂಬ ಉಪಕರಣ ವ್ಯವಸ್ಥೆ ಕಡಲೊಳಗೇ ಇದ್ದು ನೀರಿನ ಉಷ್ಣತೆ, ಉಪ್ಪಿನಂಶಗಳನ್ನು ದಾಖಲಿಸುವಂಥದ್ದು. ಅಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ‘ಅಳತೆ’ ಎಂದುಬಿಡೋಣವೆಂದರೆ ಪೆಂಗ್ವಿನ್ ಗೂಡುಗಳನ್ನು ಎಣಿಸುವುದು, ಮೋಡದ ಬಗೆಯನ್ನು ಬರೆದಿಡುವುದು ಅದರಲ್ಲಿ ಸೇರುವುದಿಲ್ಲ.

ಇನ್ನೊಂದು ಸಣ್ಣ ಕಿರಿಕಿರಿ. 1959ರ ಅಂಟಾರ್ಕ್ಟಿಕ ಒಪ್ಪಂದದ 3ನೇ ವಿಧಿಯ ಪ್ರಕಾರ ದೇಶಗಳು ತಾವು ಕಂಡುಕೊಂಡದ್ದನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳಬೇಕು, ಎಲ್ಲರಿಗೂ ಸಿಗುವಂತೆ ಮಾಡಬೇಕು. ಈ ಕೊಡುಕೊಳ್ಳುವಿಕೆಗೆ ‘ಹಂಚಿಕೆ’ ಎಂದರೆ ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಂಡಂತೆ ಕೇಳುತ್ತದೆ. ‘ವಿನಿಮಯ’ ಎಂದೇ ಬರೆದಿದ್ದೇನೆ, ಆಕ್ಷೇಪವಿದ್ದರೆ ಹೇಳಿ.

ಸದ್ಯಕ್ಕೆ ‘ವೀಕ್ಷಣಾ ದತ್ತಾಂಶ’ ಎಂದಿಟ್ಟಿದ್ದೇನೆ. ಮಂಜೇಶ್ವರ, ಕುಂಬಳೆ ಕಡೆ ವಿಜ್ಞಾನ ಪಾಠ ಮಾಡುವ ಅಧ್ಯಾಪಕರಲ್ಲಿ ಒಂದು ಕೋರಿಕೆ: ತರಗತಿಯಲ್ಲಿ ‘ನಿರೀಕ್ಷಣೆ’ ಎಂದರೆ ಮಕ್ಕಳು ಏನೆಂದು ತಿಳಿಯುತ್ತಾರೆ? ನೋಡಿ ಗುರುತಿಟ್ಟುಕೊಳ್ಳುವುದಕ್ಕೆ ತುಳುವಿನಲ್ಲೋ ಹವ್ಯಕ ಕನ್ನಡದಲ್ಲೋ ಒಂಟಿ ಪದ ಬಳಕೆಯಲ್ಲಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.