ಉಡುಗೊರೆ ಪೆಟ್ಟಿಗೆಗೆ ಕಾಗದ ಅಂಟಿಸಿದ ಮೇಲೆ ರಟ್ಟು ಬಾಗುತ್ತೆ, ಏನು ಮಾಡೋದು?

ಪ್ರಶ್ನೆ: ಬಣ್ಣದಹಾಳೆ

2 ಮಿ.ಮೀ. ದಪ್ಪದ ಬೂದು ರಟ್ಟಿನ ಚೌಕ ಪೆಟ್ಟಿಗೆ, ಮೇಲೆ ಬಿಡಿ ಮುಚ್ಚಳ. ಒಳಗಿನ ಅಳತೆ 12×12 ಸೆಂ.ಮೀ., ಎತ್ತರ 5 ಸೆಂ.ಮೀ. ಹೊರಗೆ ಸುತ್ತಿರೋದು 100 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 100 ಗ್ರಾಂ ತೂಗುವ) ಪ್ರಿಂಟೆಡ್ ಕಾಗದ. ಅಂಟು ಬಿಳಿ ಪಿವಿಎ, ಅದಕ್ಕೆ ಸಮಸಮ ನೀರು ಬೆರೆಸಿದೆ. ಅಂಟಿಸಿದ ಹೊತ್ತಿನಲ್ಲಿ ಎಲ್ಲ ಸಪಾಟಾಗಿರುತ್ತೆ. ಪೂರ್ತಿ ಒಣಗಿದ ಮೇಲೆ ಮುಚ್ಚಳದ ನಡುಭಾಗ ತಗ್ಗುತ್ತೆ, ಪಕ್ಕದ ಗೋಡೆಗಳೂ ಒಳಕ್ಕೆ ಬಾಗುತ್ತವೆ. ಅಲ್ಲಲ್ಲಿ ಸಣ್ಣ ಸುಕ್ಕುಗಳೂ ಇವೆ. ಪೆಟ್ಟಿಗೆಯ ಹೊರ ಅಳತೆ 12.4, ಮುಚ್ಚಳದ ಒಳ ಅಳತೆ 12.5 ಇಟ್ಟಿದ್ದರೂ ಮುಚ್ಚಳ ಬಿಗಿ. ಇನ್ನೂ ದಪ್ಪ ರಟ್ಟು ತಗೊಂಡರೆ ಸರಿಹೋಗುತ್ತಾ?

ಉತ್ತರ: ಅಂಚುಮಡಿಕೆ

ದಪ್ಪ ರಟ್ಟು ಬೇಡ. ಈ ಅಳತೆಗೆ 2 ಮಿ.ಮೀ. ಧಾರಾಳ. ಬಾಗಿಸುತ್ತಿರೋದು ನೀರು.

ಒದ್ದೆಯಾದ ಕಾಗದ ಹಿಗ್ಗುತ್ತೆ. ಹಿಗ್ಗಿದ ಸ್ಥಿತಿಯಲ್ಲೇ ರಟ್ಟಿಗೆ ಅಂಟಿಕೊಳ್ಳುತ್ತೆ. ಒಣಗುವಾಗ ಕುಗ್ಗಿ, ರಟ್ಟನ್ನು ತನ್ನ ಕಡೆಗೆ ಎಳೆಯುತ್ತೆ. ಹೊರಗಡೆ ಮಾತ್ರ ಕಾಗದ ಇದ್ದರೆ ಆ ಎಳೆತಕ್ಕೆ ಎದುರು ಎಳೆತ ಇರೋದಿಲ್ಲ, ಹಾಗಾಗಿ ನಡುಭಾಗ ತಗ್ಗುತ್ತೆ. ಅಂಟಿಗೆ ಸಮಸಮ ನೀರು ಅಂದರೆ ತುಂಬಾ ಹೆಚ್ಚು. 3 ಪಾಲು ಪಿವಿಎಗೆ 1 ಪಾಲು ನೀರು ಸಾಕು. ಬ್ರಷ್‌ನಿಂದ ಎಳೆದಾಗ ಗೆರೆ ಉಳಿಯದೆ, ತೊಟ್ಟಿಕ್ಕದೆ ಹರಡಬೇಕು, ಹದ ಅಷ್ಟೇ.

ಎರಡನೆಯದು ನಾರಿನ ದಿಕ್ಕು, ಗ್ರೇನ್ ಅಂತಾರಲ್ಲ ಅದು. ಯಂತ್ರದಲ್ಲಿ ತಯಾರಾದ ಕಾಗದದಲ್ಲೂ ರಟ್ಟಿನಲ್ಲೂ ನಾರುಗಳು ಹೆಚ್ಚುಕಡಿಮೆ ಒಂದೇ ಕಡೆಗೆ ಮಲಗಿರುತ್ತವೆ. ಒದ್ದೆಯಾದಾಗ ನಾರಿನ ಅಡ್ಡಕ್ಕೆ ಹಿಗ್ಗೋದೇ ಜಾಸ್ತಿ, ಉದ್ದಕ್ಕೆ ತೀರಾ ಕಡಿಮೆ. ದಿಕ್ಕು ಕಂಡುಹಿಡಿಯೋದು ಸುಲಭ: ಹಾಳೆಯನ್ನು ಗೆರೆ ಬೀಳದ ಹಾಗೆ ಸುಮ್ಮನೆ ಬಾಗಿಸಿ ಅಂಗೈಯಿಂದ ಒತ್ತಿ ನೋಡಿ. ಯಾವ ಕಡೆ ಕಡಿಮೆ ತಡೆಯುತ್ತೋ ಆ ಮಡಿಕೆಗೆ ಸಮಾಂತರವಾಗಿ ನಾರು ಇದೆ. ಅನುಮಾನ ಇದ್ದರೆ 5 ಸೆಂ.ಮೀ. ಚೌಕದ ತುಂಡಿನ ಒಂದು ಮುಖ ಮಾತ್ರ ಒದ್ದೆ ಮಾಡಿ. ಅದು ಕೊಳವೆಯ ಹಾಗೆ ಸುರುಳಿ ಸುತ್ತುತ್ತೆ, ಕೊಳವೆಯ ಉದ್ದವೇ ನಾರಿನ ದಿಕ್ಕು.

ಮುಚ್ಚಳದ ಮೇಲ್ಭಾಗಕ್ಕೆ ರಟ್ಟಿನ ನಾರು, ಕಾಗದದ ನಾರು ಎರಡೂ ಒಂದೇ ಕಡೆಗೆ ಇರಲಿ. ಗೋಡೆಗೆ ಸುತ್ತುವ ಪಟ್ಟಿಯಲ್ಲಿ ನಾರು ಪಟ್ಟಿಯ ಉದ್ದಕ್ಕೆ ಓಡಲಿ. ಆಗ ಕುಗ್ಗೋದು 5 ಸೆಂ.ಮೀ. ಎತ್ತರದಲ್ಲಿ, ಕಣ್ಣಿಗೆ ಬೀಳೋದಿಲ್ಲ. ನಾರು ಎತ್ತರಕ್ಕೆ ನಿಂತಿದ್ದರೆ 12 ಸೆಂ.ಮೀ. ಉದ್ದದ ಗೋಡೆಯೇ ಎಳೆದುಕೊಳ್ಳುತ್ತೆ. ಇದರಲ್ಲಿ ಒಂದು ತೊಡಕಿದೆ: 150 ಜಿಎಸ್‌ಎಂಗಿಂತ ದಪ್ಪ ಕಾಗದವಾದರೆ, ನಾರಿಗೆ ಅಡ್ಡವಾಗಿ ಮಡಚಿದಾಗ ಮೂಲೆಯಲ್ಲಿ ಬಣ್ಣ ಬಿರಿದು ಬಿಳಿ ಗೆರೆ ಕಾಣಬಹುದು. ನಿಮ್ಮ 100 ಜಿಎಸ್‌ಎಂಗೆ ಆ ಭಯ ಕಡಿಮೆ.

ಮೂರನೆಯದೇ ಮುಖ್ಯ. ಒಳಗಡೆಗೂ ಕಾಗದ ಹಚ್ಚಿ. ಅದೇ ತೂಕ, ಅದೇ ಅಂಟು, ಅದೇ ನಾರಿನ ದಿಕ್ಕು. ಎರಡು ಕಡೆಯ ಎಳೆತ ಸಮವಾದರೆ ರಟ್ಟು ನೆಟ್ಟಗೆ ನಿಲ್ಲುತ್ತೆ. ಒಳಗಿನದು ಯಾರಿಗೂ ಕಾಣೋದಿಲ್ಲ ಅಂತ ಬಿಟ್ಟ ಪೆಟ್ಟಿಗೆಗಳೇ ಹೆಚ್ಚಾಗಿ ಬಾಗೋದು.

ಉತ್ತರ: ಕಟರ್‌ಸ್ಕೇಲು

ಮುಚ್ಚಳದ ಅಳತೆ ಬಗ್ಗೆ ನಾನು ಹೇಳ್ತೀನಿ. ನೀವು ಬಿಟ್ಟಿರೋದು ಒಟ್ಟು 1 ಮಿ.ಮೀ. ಪೆಟ್ಟಿಗೆಯ ಹೊರಕಾಗದ, ಅದರ ಜೋಡಣೆಯ ಎರಡು ಪದರ, ಮುಚ್ಚಳದ ಒಳಕ್ಕೆ ಮಡಚಿದ ಕಾಗದ, ನಡುವಿನ ಅಂಟು, ಇಷ್ಟೆಲ್ಲ ಸೇರಿ ಅದನ್ನು ಬಹುಪಾಲು ನುಂಗಿಬಿಡುತ್ತೆ. ಗೋಡೆ ಕೂದಲೆಳೆಯಷ್ಟು ಓರೆಯಾದರೂ ಸಾಕು, ಸಿಕ್ಕಿಕೊಳ್ಳುತ್ತೆ. 3 ಮಿ.ಮೀ. ಬಿಡಿ. ಅಂದರೆ:

ತಳ: 12×12, ಒಂದು.
ತಳದ ಗೋಡೆ: 12×5.2 ಎರಡು, 12.4×5.2 ಎರಡು. ಗೋಡೆಗಳು ತಳದ ಮೇಲೆ ಅಲ್ಲ, ತಳದ ಅಂಚಿಗೆ ತಾಗಿ ಹೊರಗೆ ನಿಲ್ಲಬೇಕು. ಅದಕ್ಕೇ 5ರ ಬದಲು 5.2.
ಮುಚ್ಚಳ: 12.7×12.7, ಒಂದು. ಗೋಡೆ 12.7×2.7 ಎರಡು, 13.1×2.7 ಎರಡು.

ಇದಕ್ಕಿಂತ ಒಳ್ಳೆಯ ದಾರಿ ಅಂದರೆ ಮುಚ್ಚಳದ ರಟ್ಟನ್ನು ಮೊದಲೇ ಕತ್ತರಿಸದೇ ಇರೋದು. ಪೆಟ್ಟಿಗೆಗೆ ಕಾಗದ ಸುತ್ತಿ, ಪೂರ್ತಿ ಒಣಗಿಸಿ, ನಿಜವಾದ ಹೊರ ಅಳತೆ ತಗೊಂಡು ಅದಕ್ಕೆ 2ರಿಂದ 2.5 ಮಿ.ಮೀ. ಸೇರಿಸಿ.

ಕತ್ತರಿಸುವಾಗ ಹೊಸ ಬ್ಲೇಡ್, ಸ್ಟೀಲ್ ಸ್ಕೇಲ್. ಒಂದೇ ಏಟಿಗೆ ರಟ್ಟು ತುಂಡಾಗಲಿ ಅಂತ ಒತ್ತಿದರೆ ಬ್ಲೇಡ್ ವಾಲಿ ಅಂಚು ಓರೆಯಾಗುತ್ತೆ, ಓರೆ ಅಂಚಿನ ಗೋಡೆ ನೆಟ್ಟಗೆ ನಿಲ್ಲೋದಿಲ್ಲ. ಹಗುರವಾಗಿ ಆರೇಳು ಸಲ ಎಳೆಯಿರಿ. ಗೋಡೆ ಕೂರಿಸುವಾಗ ನೀರು ಸೇರಿಸದ ಪಿವಿಎ, ತೆಳ್ಳಗೆ.

ಸುತ್ತುವ ಪಟ್ಟಿ: ನಾಲ್ಕು ಗೋಡೆಗೆ 49.6, ಜೋಡಣೆಗೆ 1.5, ಒಟ್ಟು 51.1 ಸೆಂ.ಮೀ. ಉದ್ದ. ಅಗಲ 8.2, ಅಂದರೆ ಮೇಲೂ ಕೆಳಗೂ 1.5 ಮಡಚೋಕೆ. ಒಂದು ಮೂಲೆಯನ್ನು 1.5 ಸೆಂ.ಮೀ. ದಾಟಿಸಿ ಶುರುಮಾಡಿ, ಸುತ್ತಿ ಬಂದ ಕೊನೆಯ ತುದಿಯನ್ನು ಆ ಮೂಲೆಯ ಅಂಚಿಗೆ ಸರಿಯಾಗಿ ನಿಲ್ಲಿಸಿ. ಜೋಡಣೆ ಎದ್ದು ಕಾಣೋದಿಲ್ಲ. ಮೂಲೆಗಳಲ್ಲಿ ಮಡಿಕೆಯ ಕಾಗದವನ್ನು ವಿ ಆಕಾರಕ್ಕೆ ಕತ್ತರಿಸಿ, ಆದರೆ ಕತ್ತರಿ ರಟ್ಟಿನವರೆಗೆ ಹೋಗಬಾರದು. 2 ಮಿ.ಮೀ. ಮೊದಲೇ ನಿಲ್ಲಿಸಿ. ಪೂರ್ತಿ ಕತ್ತರಿಸಿದರೆ ಮೂಲೆಯಲ್ಲಿ ಬೂದು ರಟ್ಟು ಇಣುಕುತ್ತೆ, ಆಮೇಲೆ ಅದನ್ನು ಮುಚ್ಚೋಕೆ ದಾರಿಯಿಲ್ಲ.

ಉತ್ತರ: ನೂಲುಸೂಜಿ

ಸುಕ್ಕಿನ ಬಗ್ಗೆ ಯಾರೂ ಹೇಳಲಿಲ್ಲ. ಅಂಟನ್ನು ಕಾಗದಕ್ಕೆ ಹಚ್ಚದೆ ರಟ್ಟಿಗೆ ಹಚ್ಚಿ. ಕಾಗದ ಅಷ್ಟಾಗಿ ನೆನೆಯೋದಿಲ್ಲ, ಸುಕ್ಕೂ ಕಡಿಮೆ.

ಉತ್ತರ: ಅಂಚುಮಡಿಕೆ

ತೆಳು ಕಾಗದಕ್ಕೆ, ಸಣ್ಣ ಜಾಗಕ್ಕೆ ಅದು ಸರಿ. ಪಟ್ಟಿ ಉದ್ದ ಇದ್ದಾಗ ನಾನು ಒಪ್ಪೋದಿಲ್ಲ. ರಟ್ಟಿಗೆ ಹಚ್ಚಿದರೆ ಒಣ ಕಾಗದ ಅಂಟಿಗೆ ತಾಗಿದ ಕ್ಷಣದಿಂದ ಹಿಗ್ಗೋಕೆ ಶುರುವಾಗುತ್ತೆ. ಮೊದಲು ಅಂಟಿದ ಭಾಗ ಕಚ್ಚಿಕೊಂಡಿರುತ್ತೆ, ಉಳಿದದ್ದು ಇನ್ನೂ ಹಿಗ್ಗುತ್ತಾ ಇರುತ್ತೆ, ಆ ಹೆಚ್ಚುವರಿಯೇ ಸುಕ್ಕಾಗುತ್ತೆ. ಕಾಗದಕ್ಕೇ ನಡುವಿನಿಂದ ಅಂಚಿನ ಕಡೆಗೆ ಸಮವಾಗಿ ಹಚ್ಚಿ ಅರ್ಧ ನಿಮಿಷ ಬಿಟ್ಟರೆ ಎಲ್ಲ ಕಡೆ ಒಟ್ಟಿಗೆ ಹಿಗ್ಗಿರುತ್ತೆ. ಪಿವಿಎ ಅಷ್ಟರಲ್ಲಿ ಒಣಗುತ್ತೆ ಅನಿಸಿದರೆ ಅರ್ಧ ಪಾಲು ಮೈದಾ ಅಂಟು ಬೆರೆಸಿ: 1 ಪಾಲು ಮೈದಾ, 5 ಪಾಲು ನೀರು, ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಪಾರದರ್ಶಕ ಛಾಯೆ ಬರುವ ತನಕ ತಿರುವಿ, ಆರಿದ ಮೇಲೆ ಸೋಸಿ. ಇದು ನಿಧಾನಕ್ಕೆ ಒಣಗುತ್ತೆ, ಕಾಗದವನ್ನು ಜರುಗಿಸಿ ಕೂರಿಸೋಕೆ ಸಮಯ ಸಿಗುತ್ತೆ. ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ, ಹುಳಿಯುತ್ತೆ.

ಒಂದು ಎಚ್ಚರಿಕೆ. ಕಾಗದ ಇಂಕ್‌ಜೆಟ್ ಪ್ರಿಂಟರಿನದಾದರೆ ನೂಲುಸೂಜಿಯವರು ಹೇಳಿದ ಹಾಗೇ ಮಾಡಿ, ನೀರು ಬೆರೆಸದೆ. ಹೆಚ್ಚಿನ ಇಂಕ್‌ಜೆಟ್ ಬಣ್ಣ ನೀರು ತಾಗಿದರೆ ಕದಡುತ್ತೆ.

ಬಣ್ಣದಹಾಳೆ

ಅಳತೆ, ನಾರು ಎರಡೂ ಅರ್ಥವಾಯ್ತು. ಈಗಾಗಲೇ ಬಾಗಿರೋ ಮುಚ್ಚಳವನ್ನು ಉಳಿಸಿಕೊಳ್ಳಬಹುದಾ?

ಉತ್ತರ: ಅಂಚುಮಡಿಕೆ

ಬಾಗಿದ್ದು ಸರಿಯಾಗುತ್ತೆ, ಬಿಗಿ ಹೋಗೋದಿಲ್ಲ. ಬೇರೆ ಪೆಟ್ಟಿಗೆಗೆ ಬಳಸೋದಾದರೆ ಹೀಗೆ ಮಾಡಿ. ಮುಚ್ಚಳದ ಒಳಗಿನ ಚೌಕಕ್ಕಿಂತ ಪ್ರತಿ ಕಡೆ 1 ಮಿ.ಮೀ. ಚಿಕ್ಕದಾದ, ಅಂದರೆ 12.3 ಸೆಂ.ಮೀ. ಚೌಕದ ಹಾಳೆ ಕತ್ತರಿಸಿ, ಹೊರಗಿನ ಕಾಗದದ್ದೇ ತೂಕ, ಅದೇ ನಾರಿನ ದಿಕ್ಕು. ಇದಕ್ಕೆ ಮಾತ್ರ ಅಂಟು ಕೊಂಚ ನೀರಾಗಿದ್ದರೆ ಒಳ್ಳೆಯದು, ಎದುರು ಎಳೆತ ಜೋರಾಗಿ ಬರಬೇಕಲ್ಲ. ಒಳಗೆ ಅಂಟಿಸಿ, ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಉಜ್ಜಿ. ಚಮಚ ನೇರ ತಾಗಿದರೆ ಕಾಗದ ಹೊಳಪಾಗುತ್ತೆ, ನಡುವೆ ಒಂದು ಬಿಳಿ ಹಾಳೆ ಇಡಿ. ಆಮೇಲೆ ಬಟರ್ ಪೇಪರ್, ಅದರ ಮೇಲೆ ಸಪಾಟಾದ ರಟ್ಟು, ಅದರ ಮೇಲೆ 2–3 ಕೆ.ಜಿ. ಭಾರ. ಮೊದಲ ಅರ್ಧ ಗಂಟೆಯ ನಂತರ ಬಟರ್ ಪೇಪರ್ ತೆಗೆದು ನೀರು ಹೀರುವ ಹಾಳೆ ಹಾಕಿ, ಇಲ್ಲದಿದ್ದರೆ ತೇವ ಒಳಗೇ ಉಳಿಯುತ್ತೆ. 24 ಗಂಟೆ ಮುಟ್ಟಬೇಡಿ. ಆಮೇಲೂ ತಗ್ಗು ಉಳಿದರೆ ಇನ್ನೊಂದು ಪದರ.

ಬಿಸಿಲಲ್ಲಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸೋಕೆ ಹೋಗಬೇಡಿ. ಒಂದು ಮುಖ ಮೊದಲು ಒಣಗಿ ಮತ್ತೆ ಎಳೆಯುತ್ತೆ.

ಉತ್ತರ: ನೂಲುಸೂಜಿ

ಮುಂದೆ ಬಟ್ಟೆ ಸುತ್ತೋ ಯೋಚನೆ ಇದ್ದರೆ, ತೆಳು ಹತ್ತಿ ಬಟ್ಟೆಗೆ ನೇರವಾಗಿ ಅಂಟು ಹಚ್ಚಬೇಡಿ, ನೂಲಿನ ಸಂದಿಯಿಂದ ಅಂಟು ಮೇಲೆ ಬಂದು ಕಲೆಯಾಗುತ್ತೆ. ಹಿಂಬದಿಗೆ ತೆಳು ಟಿಶ್ಯೂ ಹಾಳೆ ಅಂಟಿಸಿ, ಒಣಗಿಸಿ, ಆಮೇಲೆ ಕಾಗದದ ಹಾಗೇ ಬಳಸಿ. ಬಟ್ಟೆಯ ದಪ್ಪ ಕಾಗದಕ್ಕಿಂತ ಹೆಚ್ಚಿರೋದರಿಂದ ಮುಚ್ಚಳಕ್ಕೆ 3ರ ಬದಲು 4 ಮಿ.ಮೀ. ಬಿಡಿ.